ಮರಳು ನೋಡಲು ಹೋದವರು

ತಮ್ಮ: ವಿಮಾನ ಹತ್ತಿದ್ರೆ ಮಧ್ಯಾಹ್ನದ ಊಟಕ್ಕೆ ಜೋಧಪುರದಲ್ಲಿರ್ತಿದ್ರಿ. ಭಾವಂಗೆ ಮಂಡಿ ನೋವು, ನಿಂಗೆ ಸೊಂಟ ನೋವು. ಇಬ್ಬರೇ ಕಾರು ಹೊಡ್ಕೊಂಡು ಎರಡು ಸಾವಿರ ಕಿಲೋಮೀಟರ್ ಆಚೆಗೆ ಹೋಗೋ ಅಂಥದ್ದೇನಿತ್ತು ಅಕ್ಕ?

ಅಕ್ಕ: ವಿಮಾನದಲ್ಲಿ ಹೋದ್ರೆ ನೆಲ ಎಲ್ಲಿ ಬದಲಾಯ್ತು ಅಂತ ಗೊತ್ತಾಗಲ್ಲ ಕಣೋ. ನಿಮ್ಮ ಭಾವನ ಹಟ ಅದೇ ಆಗಿತ್ತು. ಕೆಮ್ಮಣ್ಣು ಎಲ್ಲಿ ಮುಗಿಯುತ್ತೆ, ಕರಿ ಮಣ್ಣು ಎಲ್ಲಿ ಶುರುವಾಗುತ್ತೆ, ಮರಳು ಯಾವ ಊರಿಂದ ಕಾಣುತ್ತೆ, ಕಣ್ಣಾರೆ ನೋಡ್ಬೇಕು ಅಂತ. ಬ್ಯಾಂಕಲ್ಲಿ ಜನ್ಮವೆಲ್ಲ ರೈತರಿಗೆ ಬೋರ್‌ವೆಲ್ ಸಾಲ ಕೊಟ್ಟೋರು ತಾನೇ, ನೆಲದ ಮೇಲೆ ಕಣ್ಣು ಜಾಸ್ತಿ. ಮನೆ ಎದುರುಗಡೆಯೋರು ಆಡ್ಕೊಂಡು ನಕ್ಕರು. "ಇಲ್ಲಿ ಬರ ನೋಡಿದ್ದು ಸಾಲ್ದಾ ಮೇಷ್ಟ್ರಮ್ಮ, ಮರಳುಗಾಡಿಗೆ ಬೇರೆ ಹೋಗ್ಬೇಕಾ?" ಅಂತ.

ತಮ್ಮ: ನಾನೂ ಅದನ್ನೇ ಕೇಳೋನಿದ್ದೆ.

ಅಕ್ಕ: ಕೇಳು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ನಾಲ್ಕೂ ಒಂದೇ ರಸ್ತೆ ಮೇಲಿವೆ. ರೇಷ್ಮೆ ಗೂಡು ಹಾಕೋಕೆ ಶಿಡ್ಲಘಟ್ಟ, ಟೊಮೆಟೊ ಮಾರೋಕೆ ಚಿಂತಾಮಣಿ, ಕೋರ್ಟು ಕಚೇರಿಗೆ ಚಿಕ್ಕಬಳ್ಳಾಪುರ. ನಮ್ಮ ಜನ ಅದರ ಮೇಲೇ ಓಡಾಡಿ ಮುದುಕರಾಗ್ತಾರೆ. ನಾವು ಅದೇ ರಸ್ತೆ ಹಿಡಿದು ಗೌರಿಬಿದನೂರು ದಾಟಿದ್ವಿ, ಅಷ್ಟೆ. ಮಧುಗಿರಿ, ಶಿರಾ, ಚಿತ್ರದುರ್ಗ, ಹೊಸಪೇಟೆ, ವಿಜಯಪುರ. ಅಲ್ಲಿಂದ ಸೋಲಾಪುರ, ಬೀಡ್, ಔರಂಗಾಬಾದು, ಈಗ ಅದಕ್ಕೆ ಛತ್ರಪತಿ ಸಂಭಾಜಿನಗರ ಅಂತಾರೆ.

ತಮ್ಮ: ಜಗಳ ಆಗ್ಲಿಲ್ವಾ?

ಅಕ್ಕ: ಆಗದೆ ಇರುತ್ತಾ? ಅವರು ಕಲ್ಲು ಕಂಡಲ್ಲೆಲ್ಲ ಗಾಡಿ ನಿಲ್ಲಿಸೋರು, ನಾನು ಕತ್ತಲಾಗೋಕೆ ಮುಂಚೆ ರೂಮು ಸಿಕ್ಕಿದ್ರೆ ಸಾಕು ಅನ್ನೋಳು. ಸೋಲಾಪುರ ಬಿಟ್ಟು ಬೀಡ್ ದಾಟೋವರೆಗೂ ಮಾತೇ ಇರ್ಲಿಲ್ಲ. ಫೋನಿನ ಮ್ಯಾಪಿನ ಹೆಂಗಸು ಒಬ್ಬಳೇ ಮಾತಾಡ್ತಿದ್ಲು.

ತಮ್ಮ: ವಿಜಯಪುರದಲ್ಲಿ ಗೋಲಗುಮ್ಮಟ ನೋಡಿದ್ರಿ ತಾನೇ?

ಅಕ್ಕ: ಎಲ್ಲರೂ ಕೂಗೋ ಕಡೆ ನಾವೂ ಕೂಗಿ ಬಂದ್ವಿ. ನನಗೆ ಹಿಡಿಸಿದ್ದು ತಾಜ್ ಬಾವಡಿ. ಇಬ್ರಾಹಿಂ ಆದಿಲ್‌ಶಾಹನ ಕಾಲದ್ದು. ಬಾವಿ ಅನ್ನೋಕೆ ಆಗಲ್ಲ, ಒಂದು ಸಣ್ಣ ಕೆರೆಗೆ ಕಮಾನು ಕಟ್ಟಿ ಬಾಗಿಲು ಇಟ್ಟಂಗಿದೆ. ಅಲ್ಲಿಗೆ ಹೋದ ಮೇಲೇ ಈ ಪ್ರಯಾಣಕ್ಕೊಂದು ದಿಕ್ಕು ಸಿಕ್ಕಿದ್ದು. ಕೋಟೆ ನೋಡೋಣ ಅಂತ ಹೊರಟೋರು ನಾವು. ಆಮೇಲೆ ಪ್ರತಿ ಊರಲ್ಲೂ, "ಇಷ್ಟು ಜನಕ್ಕೆ ಇವರು ನೀರು ಎಲ್ಲಿಂದ ತರ್ತಿದ್ರು?" ಅಂತ ಕೇಳೋಕೆ ಶುರು ಮಾಡಿದ್ವಿ. ಬುರಹಾನಪುರಕ್ಕೆ ದಾರಿ ತಿರುಗಿಸಿದ್ದೇ ಅದಕ್ಕೆ.

ತಮ್ಮ: ಮುಮ್ತಾಜ್ ತೀರ್ಕೊಂಡ ಊರಲ್ವಾ?

ಅಕ್ಕ: ಅದೇ, 1631ರಲ್ಲಿ. ಅಲ್ಲಿ ಕುಂಡಿ ಭಂಡಾರ ಅಂತ ಇದೆ. ಜಹಾಂಗೀರನ ಕಾಲದಲ್ಲಿ, 1615ರ ಸುಮಾರಿಗೆ, ಪರ್ಷಿಯಾದಿಂದ ಬಂದ ಜಾಣನೊಬ್ಬ ಮಾಡಿದ್ದಂತೆ. ಸಾತಪುರ ಬೆಟ್ಟದಿಂದ ಒಳಗೊಳಗೇ ಇಳಿದು ಬರೋ ಜಲಕ್ಕೆ ನೆಲದಡಿ ಸುರಂಗ ತೋಡಿ ಊರಿಗೆ ತಂದಿದ್ದಾನೆ. ಮೇಲೆ ನಿಂತು ನೋಡಿದ್ರೆ ಬಯಲಲ್ಲಿ ಸಾಲಾಗಿ ಬಾವಿಕಟ್ಟೆಗಳು, ನೂರಕ್ಕೂ ಹೆಚ್ಚು. ಗಾಳಿ ಆಡೋಕೆ, ಹೂಳು ಎತ್ತೋಕೆ ಬಿಟ್ಟ ಬಾಯಿಗಳು ಅವು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೊಂದೇ. ನಮ್ಮ ಬೀದರಿನ ನೌಬಾದಿನಲ್ಲೂ ಅಂಥದ್ದೇ ಇದೆ, ಕರೇಜ್ ಅಂತಾರೆ, ಬಹಮನಿ ಸುಲ್ತಾನರ ಕಾಲದ್ದು. ನಮ್ಮ ರಾಜ್ಯದಲ್ಲೇ ಇರೋದನ್ನ ನೋಡದೆ ಮಧ್ಯಪ್ರದೇಶಕ್ಕೆ ಹೋಗಿ ಬಾಯಿ ಬಿಟ್ಕೊಂಡು ನಿಂತಿದ್ವಿ ಅನ್ನು.

ತಮ್ಮ: ಆಮೇಲೆ ಚಿತ್ತೋಡ, ಉದಯಪುರ.

ಅಕ್ಕ: ಅವೆರಡನ್ನೂ ನಿನ್ನ ಹೆಂಡ್ತಿಗೆ ಬಿಡ್ತೀನಿ, ಫೋಟೋಗೆ ಚೆನ್ನಾಗಿವೆ. ಉದಯಪುರ ಬಿಟ್ಟು ಜೋಧಪುರದ ಕಡೆ ತಿರುಗಿದ ಮೇಲೆ ನೆಲ ಒಣಗ್ತಾ ಹೋಗುತ್ತೆ. ಆದ್ರೆ ಮೊದಲು ಕಂಡ ಗಿಡ ಯಾವುದು ಗೊತ್ತಾ? ಬಳ್ಳಾರಿ ಜಾಲಿ! ನಮ್ಮ ಕೆರೆ ಅಂಗಳ ತುಂಬ ಇರೋದೇ. ಅಲ್ಲಿ ಅದಕ್ಕೆ ವಿಲಾಯತಿ ಬಬೂಲ್ ಅಂತಾರೆ, ನಮ್ಮಷ್ಟೇ ಬೈತಾರೆ. ಅವರದೇ ಮರ ಅಂದ್ರೆ ಖೇಜಡಿ. ಅದು ನಮ್ಮ ಬನ್ನಿ ಮರ. ನಾವು ವಿಜಯದಶಮಿಗೆ ಎಲೆ ಕಿತ್ತು "ಬಂಗಾರ" ಅಂತ ಹಂಚಿ ಮುಗಿಸ್ತೀವಿ. ಅವರು ಅದರ ಕಾಯಿ ಒಣಗಿಸಿ ವರ್ಷವೆಲ್ಲ ಪಲ್ಯ ಮಾಡ್ತಾರೆ. ಸೊಪ್ಪು ಒಂಟೆಗೆ, ಮೇಕೆಗೆ. 1730ರಲ್ಲಿ ಜೋಧಪುರದ ಪಕ್ಕದ ಖೇಜಡಲಿಯಲ್ಲಿ ರಾಜನ ಆಳುಗಳು ಈ ಮರ ಕಡಿಯೋಕೆ ಬಂದಾಗ ಅಮೃತಾದೇವಿ ಅನ್ನೋ ಬಿಷ್ಣೋಯಿ ಹೆಂಗಸು ಮರ ತಬ್ಬಿ ನಿಂತು ಸತ್ತಳು. ಅವಳ ಹಿಂದೆ ಸತ್ತವರು ಸೇರಿ 363 ಜನ. ತಿನ್ನೋ ಮರ, ಅದಕ್ಕೆ ಪ್ರಾಣ ಕೊಟ್ರು.

ತಮ್ಮ: ಬಂಗಾರ ಅಂತ ಹಂಚೋ ಮರಕ್ಕೆ ನಮ್ಮಲ್ಲಿ ಯಾರೂ ಪ್ರಾಣ ಕೊಡಲ್ಲ ಬಿಡು. ಭಾವ ಮುದ್ದೆ ಇಲ್ಲದೆ ಹೆಂಗಿದ್ರು ಅದನ್ನ ಹೇಳು.

ಅಕ್ಕ: ಇಲ್ಲದೆ ಎಲ್ಲಿದ್ರು? ರಾಗಿ ಹಿಟ್ಟು, ಹುರುಳಿಕಾಳು, ಸಣ್ಣ ಗ್ಯಾಸ್ ಒಲೆ ಡಿಕ್ಕಿಯಲ್ಲೇ ಇತ್ತು. ಜೋಧಪುರದ ಧರ್ಮಶಾಲೆಯಲ್ಲಿ ಕೋಲು ಸಿಗದೆ ಚಪಾತಿ ಲಟ್ಟಣಿಗೇಲೇ ಮುದ್ದೆ ತೊಳಸಿದ್ದೀನಿ. ಅಡುಗೆಯವನು ಬಂದು ನೋಡಿ, ಇದು ಯಾವ ಧಾನ್ಯ ಅಂದ. ಅವರ ಸಜ್ಜೆ ರೊಟ್ಟಿ ಒಂದು ಕೊಟ್ಟು ನಮ್ಮ ಮುದ್ದೆ ಒಂದು ಇಸ್ಕೊಂಡು ಹೋದ. ಅಗಿದು ಅಗಿದು ತಿಂದ ಅಂತ ಕಾಣುತ್ತೆ, ಆಮೇಲೆ ನಮ್ಮ ಕಡೆ ಬರಲೇ ಇಲ್ಲ.

ತಮ್ಮ: ನುಂಗ್ಬೇಕು ಅಂತ ಹೇಳ್ಬಾರದಿತ್ತಾ!

ಅಕ್ಕ: ಹೇಳಿದ್ದೆ ಕಣೋ, ಹಿಂದಿಯಲ್ಲಿ ಸರಿಯಾಗಿ ಬರ್ಲಿಲ್ಲ. ಜೋಧಪುರದಲ್ಲಿ ಮೆಹ್ರಾನ್‌ಗಢ ಇದೆ, ರಾವ್ ಜೋಧಾ 1459ರಲ್ಲಿ ಶುರು ಮಾಡಿದ್ದು. ದೊಡ್ಡದು, ನೋಡಬೇಕಾದ್ದು. ಆದರೆ ಪೇಟೆ ಒಳಗಿರೋ ತೂರ್‌ಜಿ ಝಾಲರಾಗೆ ಹೋಗಿ ಕೂತ್ಕೊ. 18ನೇ ಶತಮಾನದಲ್ಲಿ ಅಭಯಸಿಂಗನ ರಾಣಿ ಕಟ್ಟಿಸಿದ ಮೆಟ್ಟಿಲು ಬಾವಿ. ನಮ್ಮ ಭೋಗನಂದೀಶ್ವರದ ಶೃಂಗಿ ತೀರ್ಥ ನೋಡಿದ್ದೀಯಲ್ಲ, ಆ ಕಲ್ಯಾಣಿಯಲ್ಲಿ ಸುತ್ತ ಮಂಟಪ ಇರುತ್ತೆ, ಮೆಟ್ಟಿಲು ನಿಧಾನವಾಗಿ ಇಳೀತದೆ. ಝಾಲರಾದಲ್ಲಿ ಮೆಟ್ಟಿಲು ಗೋಡೆಗೇ ಅಂಟಿಕೊಂಡು ಎಡಕ್ಕೊಂದು ಬಲಕ್ಕೊಂದು ತ್ರಿಕೋನವಾಗಿ ಇಳಿಯುತ್ತೆ. ನೀರು ಎಷ್ಟೇ ಕೆಳಗೆ ಹೋಗಲಿ, ಕೊಡ ಮುಳುಗಿಸೋಕೆ ಒಂದು ಮೆಟ್ಟಿಲು ಇದ್ದೇ ಇರುತ್ತೆ. ನೀರು ಇಳಿಯುತ್ತೆ ಅಂತ ಮೊದಲೇ ಒಪ್ಪಿಕೊಂಡು ಕಟ್ಟಿದ್ದಾರೆ. ತುಂಬ ವರ್ಷ ಅದು ಕಸದ ಗುಂಡಿ ಆಗಿತ್ತಂತೆ, ಈಚೆಗೆ ಹೂಳೆತ್ತಿ ತೊಳೆದಿದ್ದಾರೆ. ಈಗ ಸುತ್ತ ಕಾಫಿ ಅಂಗಡಿ, ಹುಡುಗರು ಮೇಲಿಂದ ಹಾರಿ ಈಜ್ತಾರೆ.

ತಮ್ಮ: ಅಲ್ಲೊಂದು ಅರಮನೆ ಹೋಟೆಲ್ ಇದೆಯಲ್ಲ, ಉಮೇದ್ ಭವನ.

ಅಕ್ಕ: ಅದು ಬರ ಪರಿಹಾರ ಕಾಮಗಾರಿ ಕಣೋ! ಬರ ಬಿದ್ದು ಜನಕ್ಕೆ ಕೂಲಿ ಇಲ್ಲ ಅಂತ 1929ರ ಹೊತ್ತಿಗೆ ಶುರು ಮಾಡಿ 1943ರಲ್ಲಿ ಮುಗಿಸಿದ್ರು. ನಮ್ಮಲ್ಲಿ ಬರ ಬಂದ್ರೆ ರಸ್ತೆಗೆ ಜಲ್ಲಿ ಒಡೆಸ್ತಿದ್ರು, ಅಲ್ಲಿ ಅರಮನೆ ಕಟ್ಟಿಸಿದ್ರು. ನಿಮ್ಮ ಭಾವ ಗೇಟಿನಿಂದಲೇ ನೋಡಿ, "ಕೆಲಸ ಸಮಾಧಾನಕರವಾಗಿದೆ" ಅಂದ್ರು, ಸಾಲದ ಅರ್ಜಿ ಮೇಲೆ ಬರೆಯೋ ಹಾಗೆ.

ತಮ್ಮ: ಪೋಖ್ರಾನ್ ದಾರೀಲೇ ಸಿಗುತ್ತೆ ಅಲ್ವಾ?

ಅಕ್ಕ: ಹ್ಞೂ, ಜೈಸಲ್ಮೇರಿಗೆ ಹೋಗ್ತಾ. ಊರಲ್ಲಿ ಕೋಟೆ ಒಂದಿದೆ, ಬಾಂಬು ಸಿಡಿಸಿದ ಜಾಗಕ್ಕೆ ಬಿಡಲ್ಲ. 1974, ಆಮೇಲೆ 1998. ಮೊದಲನೇದರ ಹಿಂದೆ ಇದ್ದ ರಾಜಾ ರಾಮಣ್ಣ ತುಮಕೂರಿನಲ್ಲಿ ಹುಟ್ಟಿದವರು. ಅದಿರಲಿ, ಭೂಮಿ ಒಳಗೆ ಎಲ್ಲಾದರೂ ಅಣುಬಾಂಬು ಸಿಡಿಸಿದ್ರೆ ನೆಲದ ನಡುಕ ಹಿಡಿಯೋ ಕೇಂದ್ರ ಎಲ್ಲಿದೆ ಹೇಳು? ನಮ್ಮ ಗೌರಿಬಿದನೂರಲ್ಲಿ. 1960ರ ದಶಕದಲ್ಲಿ ಭಾಭಾ ಪರಮಾಣು ಕೇಂದ್ರದವರು ಬ್ರಿಟಿಷರ ಜೊತೆ ಸೇರಿ ಮಾಡಿದ್ದು. ನಾನು ಮಕ್ಕಳನ್ನ ಕರ್ಕೊಂಡು ಆಕಡೆ ಹೋದಾಗಲೆಲ್ಲ ಬೇಲಿ ಮಾತ್ರ ತೋರಿಸ್ತಿದ್ದೆ. ಪೋಖ್ರಾನಲ್ಲೂ ಬೇಲಿ ನೋಡಿ ಬಂದೆ.

ತಮ್ಮ: ಸರಿ, ಮರಳಿಗೆ ಬಾ. ಆ ದಿಬ್ಬ, ಒಂಟೆ, ಸಂಜೆ ಸೂರ್ಯ, ಅದೆಲ್ಲ ಹೇಳು.

ಅಕ್ಕ: ಸಮ್ ಅಂತ ಊರು, ಜೈಸಲ್ಮೇರಿನಿಂದ ಸ್ವಲ್ಪ ದೂರ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ರಸ್ತೆ ಹೆಂಗಿರುತ್ತೋ ಹಾಗಿರುತ್ತೆ. ಜೀಪು, ಡೀಜೆ, ಬಾಡಿಗೆ ಪೇಟ. ಒಂಟೆ ಮೇಲೆ ಕೂತಾಗ ಅದು ಹಿಂದಿನ ಕಾಲು ಮೊದಲು ಎತ್ತುತ್ತೆ, ಅದನ್ನ ಯಾರೂ ನಿಂಗೆ ಹೇಳಲ್ಲ, ನಾನು ಹೇಳ್ತಿದ್ದೀನಿ. ಗಟ್ಟಿಯಾಗಿ ಹಿಡ್ಕೊ. ದಿಬ್ಬ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಇಡೀ ಮರುಭೂಮಿ ಹಂಗಿರಲ್ಲ. ಬಹುಪಾಲು ಕುರುಚಲು, ಕಲ್ಲು, ಚದುರಿದ ಮರಳು. ಚೇಳೂರಿಂದ ಆಚೆ ಬಿರು ಬೇಸಿಗೇಲಿ ಹೋದ್ರೆ ನೋಡ್ತೀಯಲ್ಲ, ಅದಕ್ಕಿಂತ ತುಸು ಬೋಳು.

ತಮ್ಮ: ಮತ್ತೆ ಅಷ್ಟು ದೂರ ಹೋಗಿ ನೋಡಿದ್ದೇನು?

ಅಕ್ಕ: ಜೈಸಲ್ಮೇರಿನ ಕೋಟೆ ನೋಡಿದ್ವಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ್ದು. ಹಳದಿ ಕಲ್ಲು, ಸಂಜೆ ಬಿಸಿಲಿಗೆ ಚಿನ್ನದ ಬಣ್ಣ ಬರುತ್ತೆ ಅಂತ ಎಲ್ಲರೂ ಹೇಳ್ತಾರೆ, ನಿಜ. ಒಳಗೆ ಇವತ್ತಿಗೂ ಸಾವಿರಾರು ಜನ ಸಂಸಾರ ಮಾಡ್ಕೊಂಡಿದ್ದಾರೆ. ಒಂದು ಸಂದೀಲಿ ಗೋಡೆ ಬುಡ ನೋಡಿದೆ. ಕಲ್ಲು ಒದ್ದೆ, ಬಿಳಿ ಉಪ್ಪು ಎದ್ದು ಪದರ ಪದರ ಉದುರ್ತಿತ್ತು, ಉಗುರಲ್ಲಿ ಕೆರೆದ್ರೆ ಪುಡಿ. ಮೇಲುಗಡೆ ಪ್ಲಾಸ್ಟಿಕ್ ಪೈಪು ಜಿನುಗ್ತಿತ್ತು. ಆ ಗುಡ್ಡ ಮೆದು ಕಲ್ಲಿಂದು. ಕೊಡದಲ್ಲಿ ಹೊತ್ತು ತಂದ ನೀರನ್ನ ಅಳೆದು ಬಳಸೋ ಜನಕ್ಕೆ ಅಂತ ಕಟ್ಟಿದ್ದ ಕೋಟೆ. ಮನೆ ಮನೆಗೆ ನಲ್ಲಿ ಬಂತು, ಹೋಟೆಲು ಬಂತು, ಬಚ್ಚಲ ನೀರು ಒಳಗೇ ಇಂಗ್ತು. 1990ರ ದಶಕದಲ್ಲಿ ಕೆಲವು ಬುರುಜುಗಳು ಕುಸಿದೇ ಹೋದವು. ಎಂಟು ನೂರು ವರ್ಷ ಯುದ್ಧ, ಮುತ್ತಿಗೆ ಎಲ್ಲ ತಡ್ಕೊಂಡಿತ್ತು. ನಲ್ಲಿ ನೀರು ತಡೆಯೋಕಾಗ್ಲಿಲ್ಲ.

ತಮ್ಮ: ನಲ್ಲಿ ಬೇಡ ಅಂತೀಯಾ? ಕೊಡ ಹೊರೋರು ಯಾರು?

ಅಕ್ಕ: ಅದಕ್ಕೆ ಬರ್ತೀನಿ, ನನಗೂ ಆ ಸಿಟ್ಟಿದೆ. ಮೊದಲು ಗಡೀಸರ್ ಕೇಳು. ಊರ ಹೊರಗಿನ ಕೆರೆ, 14ನೇ ಶತಮಾನದಲ್ಲಿ ಗಡಸಿ ಅನ್ನೋ ರಾಜ ಮಾಡಿಸಿದ್ದು. ಆ ಊರಿಗೆ ವರ್ಷಕ್ಕೆ ಬೀಳೋ ಮಳೆ ಹೆಚ್ಚು ಕಡಿಮೆ 200 ಮಿಲಿಮೀಟರು. ನಾವು ಬರಗಾಲ ಅಂತ ಅಳೋ ವರ್ಷದಲ್ಲೂ ನಮಗೆ ಅದಕ್ಕಿಂತ ಜಾಸ್ತಿ ಬೀಳುತ್ತೆ, ವಾಡಿಕೆ ಮಳೆ 700ರ ಆಸುಪಾಸು. ನೂರಾರು ವರ್ಷ ಊರಿಗೆ ಊರೇ ಆ ಕೆರೆ ನೀರು ಕುಡೀತು. ನೀರು ಹರಿದು ಬರೋ ನೆಲಕ್ಕೆ ಆಗೋರ್ ಅಂತಾರೆ. ಅಲ್ಲಿ ಚಪ್ಪಲಿ ಹಾಕ್ಕೊಂಡು ಓಡಾಡೋ ಹಾಗಿಲ್ಲ, ದನ ಮೇಯಿಸೋ ಹಾಗಿಲ್ಲ, ಮಳೆಗೆ ಮುಂಚೆ ಗುಡಿಸ್ತಿದ್ರಂತೆ. ಗುಡಿಸ್ತಿದ್ರು ಕಣೋ, ಬಯಲನ್ನ! ನಮ್ಮ ಕೆರೆಗೆ ನೀರು ಬರೋ ಕಡೆ ಈಗೇನಿದೆ?

ತಮ್ಮ: ಲೇಔಟ್.

ಅಕ್ಕ: ನೀನೇ ಹೇಳಿದೆ. ಆ ಕೆರೆಗೊಂದು ಹೆಬ್ಬಾಗಿಲಿದೆ, ತಿಲೋನ್ ಅನ್ನೋ ವೇಶ್ಯೆ ಕಟ್ಟಿಸಿದ್ದಂತೆ. ಅವಳ ಬಾಗಿಲ ಕೆಳಗೆ ನಾನು ಹೆಂಗೆ ಹೋಗೋದು ಅಂತ ರಾಜ ಒಡೆಸೋಕೆ ಹೊರಟಾಗ, ಅವಳು ರಾತ್ರೋರಾತ್ರಿ ಮೇಲೊಂದು ಕೃಷ್ಣನ ಗುಡಿ ಕಟ್ಟಿಸಿ ಬಿಟ್ಟಳು ಅಂತ ಕತೆ ಹೇಳ್ತಾರೆ. ಚನ್ನಗಿರಿಯ ಸೂಳೆಕೆರೆ ನೆನಪಾಯ್ತು. ಕೆರೆಗೆ ದುಡ್ಡು ಹಾಕಿದ ಹೆಂಗಸಿಗೆ ಎಲ್ಲಾ ಕಡೆ ಒಂದೇ ಹೆಸರು ಇಡ್ತಾರೆ.

ತಮ್ಮ: ಇಷ್ಟೇನಾ?

ಅಕ್ಕ: ನಿಲ್ಲೋ, ಇನ್ನೂ ಮರಳಿಗೇ ಬಂದಿಲ್ಲ. ರಾಮಗಢ ದಾರಿಯಲ್ಲಿ ಒಂದು ಹಳ್ಳೀಲಿ ನಿಲ್ಲಿಸಿದ್ವಿ, ಡ್ರೈವರ್ ಟೀ ಕುಡೀಬೇಕು ಅಂದ್ರು, ಅಂದ್ರೆ ನಿಮ್ಮ ಭಾವ. ಅಲ್ಲೊಬ್ಬ ಅಜ್ಜ ಊರಾಚೆ ಕರ್ಕೊಂಡು ಹೋಗಿ ತೋರಿಸಿದ. ಬಯಲಲ್ಲಿ ಪುಟ್ಟ ಪುಟ್ಟ ಬಾಯಿಗಳು, ಪ್ರತಿಯೊಂದಕ್ಕೂ ಮರದ ಮುಚ್ಚಳ. ಒಂದಕ್ಕೆ ಬೀಗ! ಮುಚ್ಚಳ ತೆಗೆದು ಇಣುಕು ಅಂದ. ಒಬ್ಬ ಆಳು ಕುಕ್ಕರಗಾಲಲ್ಲಿ ಕೂರುವಷ್ಟೇ ಅಗಲ, ಕೆಳಗೆ ಕತ್ತಲು, ಮುಖಕ್ಕೆ ತಣ್ಣಗೆ ಗಾಳಿ ಬಂತು. ಅದಕ್ಕೆ ಬೇರಿ ಅಂತಾರೆ, ಕುಂಯಿ ಅಂತಲೂ ಅಂತಾರೆ. ಮರಳಿನ ಕೆಳಗೆ ಅಲ್ಲಲ್ಲಿ ಜಿಪ್ಸಮ್ಮಿನ ಪದರ ಇರುತ್ತೆ. ಬಿದ್ದ ಮಳೆ ಮರಳಿಗೆ ಇಳಿಯುತ್ತೆ, ಆ ಪದರ ಅದನ್ನ ಇನ್ನೂ ಕೆಳಗೆ ಬಿಡಲ್ಲ. ಪದರದ ಕೆಳಗಿನ ಅಂತರ್ಜಲ ಉಪ್ಪು. ಮೇಲೆ ಉಳಿಯೋದು ನೀರೂ ಅಲ್ಲ, ಬರೀ ಪಸೆ. ಬಾವಿ ತೋಡಿದ್ರೆ ಸುತ್ತಲಿನ ಮರಳು ಆ ಪಸೆಯನ್ನ ಹನಿ ಹನಿಯಾಗಿ ಬಿಟ್ಟುಕೊಡುತ್ತೆ. ದಿನಕ್ಕೆ ಎರಡು ಮೂರು ಕೊಡ, ಅಷ್ಟೇ. ಜಾಸ್ತಿ ಸೇದೋಕೆ ಇರೋದೇ ಇಲ್ಲ.

ತಮ್ಮ: ಮರಳಲ್ಲಿ ತೋಡಿದ್ರೆ ಕುಸಿಯಲ್ವಾ?

ಅಕ್ಕ: ಅದೇ ಕಸುಬು. ಅನುಪಮ್ ಮಿಶ್ರ ಅಂತ ಒಬ್ಬರು ಇದನ್ನೆಲ್ಲ ಹಿಂದಿಯಲ್ಲಿ ಬರೆದಿದ್ದಾರೆ, "ರಾಜಸ್ಥಾನ್ ಕೀ ರಜತ್ ಬೂಂದೇಂ" ಅಂತ ಪುಸ್ತಕ. ತೋಡ್ತಾ ತೋಡ್ತಾ ಸುತ್ತ ಕಲ್ಲು ಕಟ್ಟಿಕೊಂಡು ಹೋಗ್ಬೇಕು. ಕಲ್ಲು ಸಿಗದ ಕಡೆ ಹುಲ್ಲಿನ ಹಗ್ಗವನ್ನ ಸುರುಳಿ ಸುತ್ತಿ ಗೋಡೆ ಮಾಡ್ತಿದ್ರಂತೆ. ಒಳಗಿರೋನಿಗೆ ಉಸಿರು ಕಟ್ಟದಿರಲಿ ಅಂತ ಮೇಲಿನವರು ಹಿಡಿ ಹಿಡಿ ಮರಳು ಜೋರಾಗಿ ಕೆಳಕ್ಕೆ ಎಸೀತಾರೆ, ಅದರ ಜೊತೆ ಹೊಸ ಗಾಳಿ ಇಳಿಯುತ್ತೆ. ತಲೆಗೆ ಪೆಟ್ಟಾಗದಿರಲಿ ಅಂತ ಅವನು ಲೋಹದ ಪಾತ್ರೆ ಬೋರಲು ಹಾಕ್ಕೊಂಡಿರ್ತಾನೆ. ನಿಮ್ಮ ಭಾವ ಆ ಬಾಯಿ ಪಕ್ಕ ಕೂತೋರು ಏಳಲೇ ಇಲ್ಲ. ನಾನು ಟೀ ಆರುತ್ತೆ ಅಂದೆ. ಅವರು, "ನೋಡೇ, ನಮ್ಮ ಪಿನಾಕಿನಿಯಲ್ಲಿ ಇದೇ ಅಲ್ವಾ ಇದ್ದಿದ್ದು?" ಅಂದ್ರು.

ತಮ್ಮ: ಚಿಲುಮೆ!

ಅಕ್ಕ: ನಿನಗೆ ನೆನಪಿದೆಯಾ? ನಾನು ಗೌರಿಬಿದನೂರಿಗೆ ಮದುವೆ ಆಗಿ ಹೋದ ಹೊಸದರಲ್ಲಿ ಉತ್ತರ ಪಿನಾಕಿನಿ ಅಂದ್ರೆ ಮರಳಿನ ಹೊಳೆ. ನೀರು ಹರೀತಿದ್ದಿದ್ದು ಮಳೆಗಾಲದಲ್ಲಿ ಸ್ವಲ್ಪ ದಿನ. ಬೇಸಿಗೇಲಿ ಅತ್ತೆ ಜೊತೆ ಹೋಗಿ ಕೈಯಲ್ಲೇ ಮೊಳಕೈ ಆಳ ಮರಳು ಬಗೀತಿದ್ವಿ. ಮೊದಲು ಕಲಕು ನೀರು ಬರುತ್ತೆ, ಅದನ್ನ ಚೆಲ್ಲಬೇಕು, ಮತ್ತೊಂದು ಸಲ ಚೆಲ್ಲಬೇಕು, ಮೂರನೇ ಸಲಕ್ಕೆ ತಿಳಿ. ತೆಂಗಿನ ಚಿಪ್ಪಲ್ಲಿ ಮೊಗೆದು ಬಿಂದಿಗೆಗೆ ತುಂಬೋದು. ಮಧುಗಿರಿ ಕಡೆ ತಲಪರಿಗೆ ಅಂತ ಇದ್ದವಲ್ಲ, ಅಲ್ಲಿ ಚಿಲುಮೆ ಬಾಯಿಗೆ ಕಲ್ಲು ಕಟ್ಟಿ ಕಾಲುವೆ ಬಿಟ್ಟು ಗದ್ದೆಗೂ ಹಾಯಿಸ್ತಿದ್ರು. ಹೊಳೆ ಮೇಲೆ ಒಣಗಿದ್ರೂ ಒಳಗೆ ಇತ್ತು. ಎಲ್ಲಾ ಮರಳಿನ ದಯ.

ತಮ್ಮ: ಆಮೇಲೆ ಮರಳನ್ನೇ ಲಾರಿಗೆ ತುಂಬಿದ್ವಿ.

ಅಕ್ಕ: ರಾತ್ರಿ ಎಲ್ಲ ಲಾರಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೋಡೇಲಿ ಇದೆ ಈಗ ನಮ್ಮ ಹೊಳೆ. ತಳದ ಜೇಡಿ ಕಾಣೋವರೆಗೂ ಬಗೆದ್ರು, ಅಲ್ಲಿ ಜಾಲಿ ಬೆಳೀತು. ಬಾವಿ ಬತ್ತಿದ ಮೇಲೆ ಬೋರು, ಬೋರು ಬತ್ತಿದ ಮೇಲೆ ಇನ್ನೂ ಆಳದ ಬೋರು. ನಿಮ್ಮ ಭಾವ ಸಾಲ ಕೊಡೋಕೆ ಶುರು ಮಾಡಿದಾಗ ಇನ್ನೂರು ಮುನ್ನೂರು ಅಡಿ, ರಿಟೈರ್ ಆಗೋ ಹೊತ್ತಿಗೆ 1,500. ಮರುಭೂಮಿ ಜನ ಮರಳಿಗೆ ಬೀಗ ಹಾಕಿ ಕಾಯ್ತಾರೆ ಅಂತ ಆ ಅಜ್ಜನ ಮುಂದೆ ನಿಂತಾಗ ನನಗೆ ಹೊಳೀತು. ನಾವು ಅದನ್ನ ಲೋಡಿನ ಲೆಕ್ಕದಲ್ಲಿ ಮಾರಿಕೊಂಡೋರು. ನಂದಿ ಬೆಟ್ಟದ ಸುತ್ತ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ, ಚಿಂತಾಮಣಿ ಕಡೆ ಪಾಲಾರ್, ಇಷ್ಟು ಹುಟ್ಟುತ್ತೆ. ಒಂದೂ ನಮ್ಮಲ್ಲಿ ನಿಲ್ಲಲ್ಲ. ನಿಲ್ಲಿಸ್ತಿದ್ದಿದ್ದು ಕೆರೆ ಮತ್ತೆ ಮರಳು.

ತಮ್ಮ: ಇದಕ್ಕೊಂದು ಸೇರಿಸ್ತೀನಿ ನೋಡು. ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು ಸಿಂಧಿನಲ್ಲಿ ಕೆಲಸ ಮಾಡಿದ್ರು ಅಂತ ಸ್ಕೂಲಲ್ಲಿ ಓದಿದ್ದೆ.

ಅಕ್ಕ: ಸಕ್ಕರ್! ಜೈಸಲ್ಮೇರಿಂದ ಪಶ್ಚಿಮಕ್ಕೆ ಹಕ್ಕಿ ಹಾರಿದ್ರೆ ಇನ್ನೂರು ಚಿಲ್ಲರೆ ಕಿಲೋಮೀಟರು. ಈಗ ಪಾಕಿಸ್ತಾನ. 1890ರ ದಶಕ, ಅವರು ಆಗ ಮುಂಬಯಿ ಸರ್ಕಾರದ ಇಂಜಿನಿಯರು. ಊರ ಪಕ್ಕದಲ್ಲೇ ಸಿಂಧೂ ನದಿ ಹರೀತಿದೆ, ನೀರು ಮಾತ್ರ ರಾಡಿ. ಸೋಸೋ ತೊಟ್ಟಿ ಕಟ್ಟೋಕೆ ಮುನಿಸಿಪಾಲಿಟಿ ಹತ್ರ ದುಡ್ಡಿಲ್ಲ. ಇವರು ದಡದ ಹತ್ತಿರ ನದಿ ಪಾತ್ರದಲ್ಲೇ ಬಾವಿ ತೋಡಿಸಿದ್ರು. ಮರಳೇ ಸೋಸಿ ತಿಳಿ ನೀರು ಕೊಡ್ತು. ಅದನ್ನ ಮೇಲಕ್ಕೆತ್ತಿ ಊರಿಗೆ ಬಿಟ್ರು. ನಿಮ್ಮ ಭಾವ ಹೇಳ್ತಾರೆ, ಅದು ಇಂಜಿನಿಯರಿಂಗ್ ಕಾಲೇಜಲ್ಲಿ ಕಲಿತದ್ದಲ್ಲ, ನಮ್ಮ ಕಡೆ ಹೊಳೇಲಿ ಚಿಲುಮೆ ಬಗೆದ ಹುಡುಗನ ಬುದ್ಧಿ ಅಂತ.

ತಮ್ಮ: ಭಾವನ ಮಾತಿಗೆ ಸಾಕ್ಷಿ ಏನಿದೆ? ನದಿ ಪಕ್ಕ ಬಾವಿ ತೋಡೋದು ಆ ಕಾಲದ ಇಂಜಿನಿಯರುಗಳಿಗೆ ಗೊತ್ತಿದ್ದ ವಿದ್ಯೆ ತಾನೇ.

ಅಕ್ಕ: ಸಾಕ್ಷಿ ಇಲ್ಲ, ಊರ ಅಭಿಮಾನ. ಆದ್ರೆ ಹುಟ್ಟಿದ ಊರಲ್ಲಿ ನೀರಿಲ್ಲದೋರು ಎಲ್ಲಿಗೆ ಹೋದ್ರೂ ನೀರನ್ನೇ ನೋಡ್ತಾರೆ ಅನ್ನೋದು ನನ್ನ ಮಾತು. 1906ರಲ್ಲಿ ಅವರನ್ನ ಏಡನ್ನಿಗೂ ಕಳಿಸಿದ್ರು, ಕುಡಿಯೋ ನೀರು, ಚರಂಡಿ ನೋಡೋಕೆ. ಅದೂ ಮರಳುಗಾಡಿನ ಊರೇ.

ತಮ್ಮ: ಕೊಡ ಹೊರೋರ ವಿಷಯ ಹೇಳ್ತೀನಿ ಅಂದಿದ್ದೆ.

ಅಕ್ಕ: ಅಲ್ಲಿ ನೋಡಿದ ಎಲ್ಲಾ ಫೋಟೋದಲ್ಲೂ ಬಣ್ಣದ ಸೆರಗು ಹೊದ್ದು ತಲೆ ಮೇಲೆ ಎರಡೆರಡು ಕೊಡ ಇಟ್ಟ ಹೆಂಗಸರು. ಪ್ರವಾಸಿಗಳು ಅದನ್ನ ಚಂದ ಅಂತಾರೆ. ನಾನು ಹೊತ್ತೋಳು, ನನ್ನ ಸೊಂಟ ನೋವು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಇನ್ನೊಂದು, ಅಲ್ಲಿ ಒಂದೇ ಊರಲ್ಲಿ ಮೂರು ನಾಲ್ಕು ಬಾವಿ ಯಾಕೆ ಅಂತ ಕೇಳಿದ್ರೆ ಜನ ಮಾತು ಬದಲಾಯಿಸ್ತಾರೆ. ಕೇಳಬೇಕಾದ್ದೇ ಇಲ್ಲ, ನಮ್ಮಲ್ಲೂ ಜಾತಿಗೊಂದು ಬಾವಿ ತಾನೇ ಇದ್ದದ್ದು. ನೀರುಗಂಟಿ ಅಂದ್ರೆ ಬಹಳ ಊರಲ್ಲಿ ದಲಿತರು. ಇಡೀ ಕೆರೆ ತೂಬು ಎತ್ತಿ ಊರ ಗದ್ದೆಗೆಲ್ಲ ನೀರು ಹಂಚೋನು ಅವನು, ಮೇಲಿನವರ ಬಾವಿ ಕಟ್ಟೆ ಮುಟ್ಟಬಾರದೋನೂ ಅವನೇ. ಹಳೇ ಕಾಲದ ಕೆರೆ ಕಲ್ಯಾಣಿ ಹೊಗಳೋರು ಇದನ್ನ ಬಿಟ್ಟು ಹೊಗಳ್ತಾರೆ. ನಲ್ಲಿ ಬಂದ ಮೇಲೆ ಎಲ್ಲರಿಗೂ ಬಂತು, ಅದಕ್ಕೆ ನಾನು ನಲ್ಲಿ ಬೇಡ ಅನ್ನಲ್ಲ.

ತಮ್ಮ: ಹಾಗಾದ್ರೆ ಜೈಸಲ್ಮೇರಿನ ನಲ್ಲಿಗೆ ನೀರು ಎಲ್ಲಿಂದ?

ಅಕ್ಕ: ಪಂಜಾಬಿನಿಂದ. ಸಟ್ಲೆಜ್, ಬಿಯಾಸ್ ಸೇರೋ ಹರಿಕೆ ಅನ್ನೋ ಜಾಗದಿಂದ ಇಂದಿರಾ ಗಾಂಧಿ ಕಾಲುವೆ ಬರುತ್ತೆ. 1958ರಲ್ಲಿ ಶುರುವಾಗಿದ್ದು, 600 ಕಿಲೋಮೀಟರಿಗೂ ಉದ್ದ. ಮರಳುಗಾಡಲ್ಲಿ ಸಾಸಿವೆ, ಗೋಧಿ ಬೆಳೀತಾರೆ ಈಗ. ಕೆಲವು ಕಡೆ ನೀರು ಹೆಚ್ಚಾಗಿ ನೆಲ ಜೌಗು ಹಿಡಿದು ಹಾಳಾಗಿದೆ. ಆ ಅಜ್ಜನ ಊರಿಗೂ ಕಾಲುವೆ ನೀರು ಬರುತ್ತಂತೆ. ಬೇರಿಗೆ ಯಾಕೆ ಬೀಗ ಹಾಕಿದ್ದೀಯ ಅಂದ್ರೆ, ಕಾಲುವೆಯ ಗೇಟಿನ ಬೀಗದ ಕೈ ಬೇರೆಯವರ ಹತ್ರ ಇದೆ, ಇದರದು ನನ್ನ ಹತ್ರ ಇದೆ ಅಂದ.

ತಮ್ಮ: ನಮಗೆ ಬರೋದು ಬೆಂಗಳೂರಿನ ಬಚ್ಚಲ ನೀರು. ಹೆಬ್ಬಾಳ, ನಾಗವಾರದ ಕಡೆಯದು. ಎರಡು ಹಂತ ಶುದ್ಧ ಮಾಡಿ ಬಿಡ್ತಾರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿತು, ನಮ್ಮ ಕಡೆ ಕೆಲವು ಕೆರೆಗೂ ಬಂತು. ಚಿಂತಾಮಣಿ ಕಡೆಗೆ ಕೋರಮಂಗಲ–ಚಲ್ಲಘಟ್ಟ ಕಣಿವೆಯದು. ಬತ್ತಿದ ಬೋರಲ್ಲಿ ನೀರು ಬಂದಿದೆ, ಸುಳ್ಳು ಹೇಳಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಹೋರಾಟ ಮಾಡೋರು ಮಾಡ್ತಾನೇ ಇದ್ದಾರೆ. ನಾನು ಹಿಪ್ಪುನೇರಳೆಗೆ ಬಿಡ್ತೀನಿ, ಮನೆಗೆ ಕ್ಯಾನ್ ತರ್ತೀನಿ.

ಅಕ್ಕ: ಮರಳು ಅಲ್ಲಿಗೆ ಹೋಯ್ತು, ಅದರಲ್ಲಿ ಕಟ್ಟಿದ ಮನೆಗಳ ನೀರು ಇಲ್ಲಿಗೆ ಬಂತು. ನಿಮ್ಮ ಭಾವ ಇದನ್ನ ಬಡ್ಡಿ ಅಂತಾರೆ. ನಾನು ಹಾಗನ್ನಲ್ಲ. ಅಸಲೇ ವಾಪಸ್ ಬಂದಿಲ್ಲ.

ತಮ್ಮ: ಬರ್ತಾ ಯಾವ ದಾರಿ ಹಿಡಿದ್ರಿ?

ಅಕ್ಕ: ಬಾಡ್‌ಮೇರ್ ಮೇಲೆ ಗುಜರಾತಿನ ಪಾಟಣ. ಅಲ್ಲಿ ರಾಣಿ ಕೀ ವಾವ್, 100 ರೂಪಾಯಿ ನೋಟಿನ ಹಿಂದೆ ಇದೆಯಲ್ಲ, ಅದೇ. 11ನೇ ಶತಮಾನದಲ್ಲಿ ಉದಯಮತಿ ಅನ್ನೋ ರಾಣಿ ಗಂಡನ ನೆನಪಿಗೆ ಕಟ್ಟಿಸಿದ್ದು. ಗಂಡ ಹೆಂಡತಿಗೆ ಕಟ್ಟಿಸಿದ ಗೋರಿ ನೋಡೋಕೆ ಲೋಕವೆಲ್ಲ ಹೋಗುತ್ತೆ, ಹೆಂಡತಿ ಗಂಡನಿಗೆ ಕಟ್ಟಿಸಿದ ಬಾವಿಯಲ್ಲಿ ನಾವು ಹೋದಾಗ ಶಾಲೆ ಮಕ್ಕಳು ಬಿಟ್ರೆ ಯಾರೂ ಇರ್ಲಿಲ್ಲ. ಸರಸ್ವತಿ ಹೊಳೆ ಹೂಳು ತುಂಬಿ ಶತಮಾನಗಟ್ಟಲೆ ಮುಚ್ಚಿ ಹೋಗಿತ್ತು. ಮಣ್ಣೊಳಗಿದ್ದಿದ್ರಿಂದಲೇ ಶಿಲ್ಪಗಳ ಮೂಗು ಬೆರಳು ಉಳ್ಕೊಂಡಿವೆ. ಅದೇ ಊರಲ್ಲಿ ಪಟೋಲಾ ನೇಯ್ತಾರೆ, ರೇಷ್ಮೆ. ಹಾಸು, ಹೊಕ್ಕು ಎರಡೂ ನೂಲನ್ನ ಮೊದಲೇ ಕಟ್ಟಿ ಕಟ್ಟಿ ಬಣ್ಣ ಅದ್ದಿ, ಆಮೇಲೆ ಮಗ್ಗಕ್ಕೆ ಹಾಕೋದು. ಒಂದು ಸೀರೆಗೆ ತಿಂಗಳುಗಟ್ಟಲೆ. ನನ್ನ ತಮ್ಮ ಶಿಡ್ಲಘಟ್ಟದ ಹತ್ರ ಹುಳ ಸಾಕ್ತಾನೆ ಅಂದೆ. ಆ ನೇಕಾರ ಎದ್ದು ನಿಂತು ಕೈ ಮುಗಿದ.

ತಮ್ಮ: ಗೂಡಿನ ರೇಟು ಹೇಳಿದ್ದಿದ್ರೆ ಕೂತ್ಕೊಂಡು ಬಿಡ್ತಿದ್ದ. ನಾವು ಹೋಗೋದಾದ್ರೆ ಯಾವಾಗ ಹೋಗ್ಬೇಕು?

ಅಕ್ಕ: ನವೆಂಬರ್ ಕಳೆದು ಫೆಬ್ರುವರಿ ಒಳಗೆ. ಹಗಲು ಹಿತ, ರಾತ್ರಿ ಹಲ್ಲು ಕಡಿಯೋ ಚಳಿ, ಸ್ವೆಟರ್ ಎರಡು ಇಟ್ಕೋ. ಡಿಸೆಂಬರ್ ಕೊನೆ ವಾರ ಮಾತ್ರ ಬೇಡ, ರೂಮಿಗೆ ಬಾಯಿಗೆ ಬಂದ ರೇಟು ಹೇಳ್ತಾರೆ. ದಿನಕ್ಕೆ 350 ಕಿಲೋಮೀಟರಿಗಿಂತ ಜಾಸ್ತಿ ಓಡಿಸ್ಬೇಡ. ನಿನ್ನ ಹೆಂಡ್ತಿಗೆ ಒಂದು ದಿನ ಉದಯಪುರ, ನಿನಗೆ ಒಂದು ದಿನ ಬೇರಿ, ಹೀಗೆ ಹಂಚ್ಕೊಂಡ್ರೆ ಬೀಡ್ ತನಕ ಮಾತು ಬಿಡೋ ಹಾಗಾಗಲ್ಲ.

ತಮ್ಮ: ಅಷ್ಟು ದಿನ ಬಿಟ್ಟು ಹೋದ್ರೆ ನನ್ನ ಬೆಳೆ? ಚಾಕಿ ಹುಳ ತಂದ್ರೆ ಗೂಡು ಬಿಡಿಸೋವರೆಗೂ ಮನೆ ಬಿಡೋ ಹಾಗಿಲ್ಲ.

ಅಕ್ಕ: ಒಂದು ಬೆಳೆ ಬಿಡು. ಇಲ್ಲಾಂದ್ರೆ ನಾವು ಬಂದು ನೋಡ್ಕೋತೀವಿ. ನಿಮ್ಮ ಭಾವ ರೈತರಿಗೆ ಹುಳಮನೆ ಸಾಲ ಕೊಟ್ಟೋರು.

ತಮ್ಮ: ಸಾಲ ಕೊಟ್ಟೋರಿಗೆ ಸೊಪ್ಪು ಕೊಯ್ಯೋಕೆ ಬರುತ್ತಾ?

ಅಕ್ಕ: ಬರುತ್ತೆ. ಹುಳ ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ನಮ್ಮನ್ನ ಕರೀಬೇಡ.

ತಮ್ಮ: ಆಗಲೇ ಅಲ್ವಾ ಅಕ್ಕ ಸೊಪ್ಪೆಲ್ಲ ಬೇಕಾಗೋದು?

ಅಕ್ಕ: ಅದಕ್ಕೇ ಹೇಳಿದ್ದು. ಅಷ್ಟರೊಳಗೆ ವಾಪಸ್ ಬಂದು ಬಿಡಿ, ವಿಮಾನದಲ್ಲಾದ್ರೂ ಸರಿ.